ಪಂಪಿನ ಗಾಳಿ ಬಲ್ಲವರು ಸ್ಲ್ಯಾಬಿನ ಗಾಳಿಯನ್ನೇಕೆ ಮರೆಯುತ್ತಾರೆ?

‘ಗಾಳಿ ಹಿಡದದ’ ಎಂಬ ಮಾತನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಕೇಳದವರಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಪಂಪಿನಿಂದ ಎತ್ತಿ ಭತ್ತದ ಗದ್ದೆಗೆ ಹರಿಸುವ ರೈತನಿಗೆ ಗಾಳಿ ನಿತ್ಯದ ಶತ್ರು. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಆದ್ದರಿಂದ ಪಂಪಿನಲ್ಲಿ ಗಾಳಿ ತುಂಬಿದ್ದರೆ ಚಕ್ರ ಎಷ್ಟೇ ತಿರುಗಿದರೂ ನೀರು ಮೇಲೇರದು. ಡೀಸೆಲ್ ಕೊಳವೆಯಲ್ಲಿ ಗುಳ್ಳೆ ಸೇರಿದರೂ ಅಷ್ಟೆ; ಒತ್ತಿದಷ್ಟೂ ಗುಳ್ಳೆ ಕುಗ್ಗುತ್ತದೆಯೇ ಹೊರತು ಇಂಜೆಕ್ಟರಿಗೆ ಒತ್ತಡ ತಲುಪುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ರೈತನೂ ತಿರುಪನ್ನು ಸಡಿಲಿಸಿ, ಗುಳ್ಳೆಗಳೆಲ್ಲ ಹೋಗಿ ಎಣ್ಣೆ ಒಂದೇ ಧಾರೆಯಾಗಿ ಬರುವವರೆಗೆ ಕಾಯುತ್ತಾನೆ. ಇದಕ್ಕಿಂತ ಒಳ್ಳೆಯ ಭೌತಶಾಸ್ತ್ರದ ಪಾಠ ಇನ್ನೊಂದಿಲ್ಲ.

ಆದರೆ ಅದೇ ರೈತ ಮನೆ ಕಟ್ಟಿಸುವಾಗ ಈ ಜ್ಞಾನವನ್ನು ಹೊಲದಲ್ಲೇ ಬಿಟ್ಟು ಬರುತ್ತಾನೆ. ಆಗತಾನೇ ಸುರಿದ ಕಾಂಕ್ರೀಟಿನಲ್ಲಿ ನೂರಕ್ಕೆ 5ರಿಂದ 20ರಷ್ಟು ಪಾಲು ಗಾಳಿಯೇ ಇರಬಹುದು. ಅದನ್ನು ಹೊರದೂಡದೆ ನೂರಕ್ಕೆ 5ರಷ್ಟು ಉಳಿಸಿದರೂ ಕಾಂಕ್ರೀಟಿನ ಬಲ ಸುಮಾರು 30ರಷ್ಟು ಕುಸಿಯಬಲ್ಲದು. ಗುಳ್ಳೆ ಉಳಿದ ಜಾಗ ಜೇನುಗೂಡಿನಂತಾಗುತ್ತದೆ. ಅಲ್ಲಿಂದ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಮಕ್ಕಳು ಮಲಗುವ ಕೋಣೆಯ ಛಾವಣಿಯ ಮಾತಿದು!

ಇದಕ್ಕೆ ಔಷಧ ವೈಬ್ರೇಟರ್ ಎಂಬ ಪುಟ್ಟ ಯಂತ್ರ. 2000ದ ಐಎಸ್ 456 ಸಂಹಿತೆಯೂ ಯಂತ್ರದಿಂದ ಕಾಂಕ್ರೀಟನ್ನು ದಟ್ಟಗೊಳಿಸಬೇಕೆಂದೇ ಹೇಳುತ್ತದೆ. ಆದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಡಿಗೆ ಉಳಿಸಲು ಸಲಾಕೆಯಿಂದ ನಾಲ್ಕು ಸಲ ಚುಚ್ಚಿ ಮುಗಿಸುವುದನ್ನು ಕಂಡಿದ್ದೇನೆ. ಮಿಶ್ರಣ ಸಲೀಸಾಗಿ ಹರಿಯಲೆಂದು ಕೊಡಗಟ್ಟಲೆ ನೀರು ಸುರಿಯುವುದು ಇನ್ನೂ ಕೆಟ್ಟದ್ದು. ಹೆಚ್ಚುವರಿ ನೀರು ಆರಿದ ಮೇಲೆ ಅದರ ಜಾಗದಲ್ಲಿ ಮತ್ತೆ ರಂಧ್ರಗಳೇ ಉಳಿಯುತ್ತವೆ.

ಚಳಿದೇಶಗಳಲ್ಲಿ ಬೇಕೆಂದೇ ಕಾಂಕ್ರೀಟಿಗೆ ಗಾಳಿ ಸೇರಿಸುತ್ತಾರಲ್ಲ ಎಂದು ತಿಳಿದವರು ಕೇಳಬಹುದು. ನಿಜ. ಅವು ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಅವಕಾಶ ಕೊಡಲೆಂದು ಅಳತೆಯಿಂದ ಸೇರಿಸುವ ಅತಿ ಸೂಕ್ಷ್ಮ ಗುಳ್ಳೆಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಗೆ ಆ ಚಿಂತೆಯಿಲ್ಲ. ನಮ್ಮಲ್ಲಿ ಉಳಿಯುವುದು ಅಜಾಗರೂಕತೆಯ ಗುಳ್ಳೆ.

ಹಾಗಾದರೆ ಈ ಉಪೇಕ್ಷೆ ಏಕೆ? ಪಂಪಿನ ಗಾಳಿ ಆ ಕ್ಷಣವೇ ಕೆಲಸ ನಿಲ್ಲಿಸಿ ದೂರು ಹೇಳುತ್ತದೆ. ಸ್ಲ್ಯಾಬಿನ ಗಾಳಿ ಹತ್ತಾರು ವರ್ಷ ಮೌನವಾಗಿರುತ್ತದೆ; ಮೇಲೆ ಗಿಲಾವು, ಸುಣ್ಣಬಣ್ಣಗಳ ಮುಸುಕು ಬೇರೆ. ಕಾಣದ ತಪ್ಪಿಗೆ ಯಾರೂ ಹೊಣೆಯಾಗುವುದಿಲ್ಲ. ಮಾಳಿಗೆ ಮನೆಯ ಮಣ್ಣನ್ನು ದಮ್ಮಸು ಹೊಡೆದು ಗಟ್ಟಿ ಮಾಡುತ್ತಿದ್ದ ನಮ್ಮ ಹಿರಿಯರು ಒಳಗೆ ಟೊಳ್ಳು ಉಳಿಯಬಾರದೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ನಾವು ಸಿಮೆಂಟು ಬಂದಿತೆಂದು ಆ ಎಚ್ಚರವನ್ನೇ ಕಳೆದುಕೊಂಡೆವು.

ಮನೆ ಕಟ್ಟಿಸುವವರಲ್ಲಿ ನನ್ನ ವಿನಂತಿ ಇಷ್ಟೆ. ಸ್ಲ್ಯಾಬ್ ಹಾಕುವ ದಿನ ಹೋಳಿಗೆ ಊಟಕ್ಕೆ ವ್ಯವಸ್ಥೆ ಮಾಡುವಂತೆ ವೈಬ್ರೇಟರಿಗೂ ಮಾಡಿರಿ. ಅದನ್ನು ನೇರವಾಗಿ ಇಳಿಸಿ, ಗುಳ್ಳೆಗಳು ಏಳುವುದು ನಿಂತ ಬಳಿಕ ನಿಧಾನವಾಗಿ ಮೇಲೆತ್ತಬೇಕು. ಒಂದೇ ಕಡೆ ಅತಿಯಾಗಿ ಹಿಡಿದರೆ ಜಲ್ಲಿ ತಳಕ್ಕಿಳಿದು ಬೇರೆ ಕೆಡುಕಾದೀತು. ಮೇಸ್ತ್ರಿ ಬೇಸರಿಸಿದರೂ ಪರವಾಗಿಲ್ಲ, ಪಕ್ಕದಲ್ಲೇ ನಿಂತು ನೋಡಿರಿ. ಪಂಪಿನ ಮುಂದೆ ಇರುವ ನಿಮ್ಮ ತಾಳ್ಮೆ ಅಂದು ಅರ್ಧ ದಿನ ಛಾವಣಿಯ ಮೇಲಿದ್ದರೆ ಸಾಕು.