ಕರಗುವ ಪ್ಲಾಸ್ಟಿಕ್: ಸಸ್ಯಮೂಲವಷ್ಟೇ ಸಾಲದು

ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಆದರೆ ಅವುಗಳಿಗೆ ಬದಲಿಯೆನ್ನಲಾಗುವ ‘ಮಣ್ಣಲ್ಲಿ ಕರಗುವ’ ಚೀಲದ ಮುದ್ರೆಯನ್ನು ಕಂಡೊಡನೆ ಸಮಾಧಾನಪಡುವುದು ಸಲ್ಲದು.

ಇಂಥ ಪ್ಲಾಸ್ಟಿಕ್‌ಗಳೆಲ್ಲ ಒಂದೇ ಮೂಲದವಲ್ಲ. ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಪಿಎಲ್‌ಎ ತಯಾರಾಗುತ್ತದೆ. ಪಿಎಚ್‌ಎಯನ್ನು ಬ್ಯಾಕ್ಟೀರಿಯಾಗಳೇ ತಮ್ಮ ಒಡಲಲ್ಲಿ ಕೂಡಿಡುತ್ತವೆ. ತೆಳು ಚೀಲಗಳಲ್ಲಿ ಪಿಷ್ಟದೊಡನೆ ಬೆರೆಸುವ ಪಿಬಿಎಟಿ ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ್ದು. ಆದರೂ ಅದನ್ನು ಸೂಕ್ಷ್ಮಜೀವಿಗಳು ವಿಘಟಿಸಬಲ್ಲವು. ಅಂದರೆ, ಹುಟ್ಟು ಬೇರೆ, ಅಳಿವು ಬೇರೆ. ಪಿಎಲ್‌ಎ ಸಸ್ಯಜನ್ಯವಾದರೂ ಅದು ಬೇಗನೆ ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ತೇವಾಂಶವಿರುವ ಗೊಬ್ಬರ ಘಟಕ ಬೇಕು. ಚರಂಡಿಯಲ್ಲೋ ಕೆರೆಯಲ್ಲೋ ಬಿದ್ದರೆ ವರ್ಷಗಟ್ಟಲೆ ಉಳಿಯಬಲ್ಲದು. ಸಾಮಾನ್ಯ ಪ್ಲಾಸ್ಟಿಕ್ಕಿನೊಡನೆ ಬೆರೆತರೆ ಮರುಬಳಕೆಗೂ ಅಡ್ಡಿ.

ಕೈಚೀಲಗಳಿಗೆ ವಿಧಿಸಿರುವ 120 ಮೈಕ್ರಾನ್ ದಪ್ಪದ ನಿಯಮದಿಂದ ಗೊಬ್ಬರವಾಗಬಲ್ಲ ಚೀಲಗಳಿಗೆ ವಿನಾಯಿತಿ ಇದೆ. ಈ ವಿನಾಯಿತಿ ಸಾರ್ಥಕವಾಗಬೇಕಾದರೆ, ಅವನ್ನು ಬೇರ್ಪಡಿಸಿ ಸಂಗ್ರಹಿಸಿ ತಕ್ಕ ಘಟಕಕ್ಕೆ ತಲುಪಿಸುವ ಹೊಣೆಯನ್ನು ತಯಾರಕರೂ ನಗರಾಡಳಿತಗಳೂ ಹಂಚಿಕೊಳ್ಳಬೇಕು. ಅದರ ವೆಚ್ಚ ಚೀಲದ ಬೆಲೆಯಲ್ಲೇ ಸೇರಬೇಕು. ಅಂಥ ವ್ಯವಸ್ಥೆ ಇಲ್ಲದೆಡೆ ಮನೆಯಿಂದ ಒಯ್ಯುವ ಬಟ್ಟೆಯ ಚೀಲವೇ ಮೇಲು.