ಯಾರ ನಿಧಾನ?

ಮೂಡುಬಿದಿರೆ ಕಡೆ ಬಂದುಹೋದವರ ಬರಹಗಳು ಹೆಚ್ಚುಕಡಿಮೆ ಒಂದೇ ಥರ. 1430ರ ಸಾವಿರ ಕಂಬದ ಬಸದಿ, ವೇಣೂರಿನ 1604ರ ಬಾಹುಬಲಿ, ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು. ನಡುವೆ ಪೇಟೆ ಸುತ್ತಾಟ, ಬನ್ಸ್, ಗೋಳಿಬಜೆ, ಒಂದು ಚೆಂಡು ಮಲ್ಲಿಗೆ. ಕೊನೆಗೆ ತಪ್ಪದೆ ಒಂದು ಮಾತು: ಇಲ್ಲಿ ಕಾಲ ನಿಧಾನವಾಗಿ ಸಾಗುತ್ತದೆ.

ನನ್ನ ತಕರಾರು ಈ ಮಾತಿನ ಮೇಲೆ. ಯಾರ ಕಾಲ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಲಿನ ಹಳ್ಳಿಗಳಲ್ಲಿ ಬೀಡಿ ಕಟ್ಟಿಯೇ ಮನೆ ನಡೆಸಿದ ಹೆಂಗಸರಿದ್ದಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ ತಂದು, ಮನೆಯಲ್ಲಿ ಕಟ್ಟಿ, ಎಣಿಸಿ ಒಪ್ಪಿಸಬೇಕು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಆ ದುಡ್ಡು ಪೇಟೆಗೇ ಬಂದು ಸೇರುತ್ತದೆ: ಅಕ್ಕಿ, ಒಣಮೀನು, ಅತ್ತೆಯ ಮಾತ್ರೆ, ಮಗುವಿನ ಚಪ್ಪಲಿ. ಒಂದು ಕಣ್ಣು ತಕ್ಕಡಿಯ ಮೇಲೆ, ಇನ್ನೊಂದು ಬಸ್ಸಿನ ಮೇಲೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಪೇಟೆ ಅವಳನ್ನು ಗಿರಾಕಿ ಎಂದಷ್ಟೇ ಒಪ್ಪಿದೆ. ಸಾಮಾನು ಕೊಂಡಾದ ಮೇಲೆ ಅವಳಿಗೆ ಅಲ್ಲಿ ಜಾಗವಿಲ್ಲ.

'ಹೆಣ್ಣು ತಿರುಗಿ ಕೆಟ್ಟಳು, ಗಂಡು ಕೂತು ಕೆಟ್ಟ' ಎಂಬ ಗಾದೆಯ ಮೊದಲರ್ಧವನ್ನು ನಾವು ಕಾನೂನಿನಂತೆ ಪಾಲಿಸಿದೆವು, ಉಳಿದರ್ಧವನ್ನು ಮರೆತೆವು. ಒಂದು ಚಾ, ಒಂದು ಪೇಪರು ಹಿಡಿದು ಗಂಡಸರು ಹೋಟೆಲಿನಲ್ಲಿ ಅರ್ಧ ದಿನ ಕೂರುತ್ತಾರೆ. ಅದಕ್ಕೆ ಲೋಕಾಭಿರಾಮ ಎಂಬ ಚಂದದ ಹೆಸರಿದೆ. ನಾನು ಒಬ್ಬಳೇ ಕೂತು ಎರಡನೇ ಚಾ ಹೇಳಿದರೆ, "ಯಾರಾದರೂ ಬರಲಿಕ್ಕುಂಟಾ ಅಕ್ಕ?" ಎಂಬ ಪ್ರಶ್ನೆ ಬರುತ್ತದೆ. ಯಕ್ಷಗಾನ ಮೇಳ ಊರೂರು ಸುತ್ತಿದರೆ ಅದು ತಿರುಗಾಟ. ಹೆಣ್ಣು ಪೇಟೆಯಲ್ಲಿ ಎರಡು ಸುತ್ತು ಹಾಕಿದರೆ ಅವಳು ತಿರುಗುವವಳು.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡವಾದಾಗ ಎದ್ದ ಗೇಲಿಯೂ ಇದೇ: ಕೆಲಸವಿಲ್ಲದೆ ತಿರುಗುತ್ತಾರೆ! ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು; ಅಲ್ಲಿ ಆ ಪುಕ್ಕಟೆಯೂ ಇಲ್ಲ. ಅದಿರಲಿ, ಗೇಲಿ ಮಾಡಿದವರಿಗೆ ನಮ್ಮ ಪರವಾಗಿ ವಾದಿಸಿದವರೂ ಹೇಳಿದ್ದೇನು? ಇಲ್ಲ, ಅವರು ಕೆಲಸಕ್ಕೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಹೋಗುತ್ತಾರೆ ಎಂದು. ಕೆಲಸವಿಲ್ಲದೆ ತಿರುಗಿದರೆ ಏನೀಗ ಎಂದು ಯಾರೂ ಕೇಳಲಿಲ್ಲ.

ಮೊದಲು ಮಜೂರಿ ಏರಲಿ, ಚಾ ಕುಡಿಯುವ ಚಂದ ಆಮೇಲೆ ಎನ್ನುವವರಿದ್ದಾರೆ. ಮಜೂರಿ ಏರಲೇಬೇಕು. ಆದರೆ ಬಡವರ ಖರ್ಚಿನ ಪಟ್ಟಿ ಹಾಕುವಾಗ ನಾವು ಅಕ್ಕಿ, ಔಷಧಿ, ಶಾಲೆಯ ಫೀಸು ಬರೆದು ಗೆರೆ ಎಳೆಯುತ್ತೇವೆ. ಸುಮ್ಮನೆ ಕೂರುವ ಒಂದು ಗಂಟೆ ಆ ಪಟ್ಟಿಗೆ ಹತ್ತುವುದೇ ಇಲ್ಲ. ಆಮೇಲೆ ಎಂದದ್ದು ಅಜ್ಜಿಯ ಕಾಲದಿಂದಲೂ ಆಮೇಲೆಯೇ ಆಗಿ ಉಳಿದಿದೆ.

ಕೇಳುತ್ತಿರುವುದು ದೊಡ್ಡದೇನಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೀರಿರುವ ಶೌಚಾಲಯ, ನೆರಳಲ್ಲೊಂದು ಬೆಂಚು, ಕತ್ತಲಾದ ಮೇಲೂ ಹಳ್ಳಿಗೆ ಒಂದು ಬಸ್ಸು. ಎರಡನೇ ಚಾ ಹೇಳಿದವಳನ್ನು ಏನೂ ಕೇಳದ ಹೋಟೆಲು.

ನಮ್ಮ ಪೇಟೆಗಳಿಗೆ ಬನ್ನಿ, ತಿನ್ನಿ, ಕೊಳ್ಳಿ, ಧಾರಾಳ ಬರೆಯಿರಿ. ನಿಧಾನದ ಬಗ್ಗೆ ಬರೆಯುವ ಮೊದಲು ಮಾತ್ರ ಪಕ್ಕದ ಮೇಜುಗಳಲ್ಲಿ ಕೂತವರು ಯಾರು, ಚೀಲ ಹಿಡಿದು ಬಿಸಿಲಲ್ಲಿ ನಿಂತವರು ಯಾರು ಎಂದು ಒಮ್ಮೆ ಎಣಿಸಿ.