ಶೂ ಒಳಗಿನ ಪ್ಲೇಟ್ ಮತ್ತು ಆರೂವರೆ ನಿಮಿಷದ ಓಟ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರಿಗೆ ಪೊಲೀಸ್ ಕಾನ್‌ಸ್ಟೆಬಲ್ ಕೆಲಸವಾಗಲಿ, ಅಗ್ನಿವೀರ ಕೆಲಸವಾಗಲಿ ಓಟ ತಪ್ಪಿದ್ದಲ್ಲ. ರಾಜ್ಯ ಪೊಲೀಸ್ ನೇಮಕಾತಿಯ ಸಹಿಷ್ಣುತೆ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಲಿಖಿತ ಪರೀಕ್ಷೆಗೆ ವರ್ಷಗಟ್ಟಲೆ ಓದಿದವರು ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಹೊರಗುಳಿಯಬಹುದು. ಆದ್ದರಿಂದಲೇ ‘ಕಾರ್ಬನ್ ಪ್ಲೇಟ್ ಶೂ ಕೊಂಡರೆ ಪಾಸಾಗಬಹುದೇ?’ ಎಂಬ ಪ್ರಶ್ನೆಯನ್ನು ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಅಂಥ ಒಳ್ಳೆಯ ಬ್ರ್ಯಾಂಡಿನ ಶೂಗಳಲ್ಲಿ ಹಲವಕ್ಕೆ 20 ಸಾವಿರ ರೂಪಾಯಿ ಆಸುಪಾಸಿನ ಬೆಲೆ. ಅಡಿಕೆ ಕೊಯ್ಲಿನ ಕೂಲಿಯಲ್ಲಿ ನಡೆಯುವ ಮನೆಗೆ ಅದು ದೊಡ್ಡ ಮೊತ್ತ.

ಈ ಶೂಗಳ ಸುದ್ದಿ ಜೋರಾಗಿದ್ದು 2017ರಲ್ಲಿ, ನೈಕಿ ಕಂಪನಿ ‘ವೇಪರ್‌ಫ್ಲೈ’ ತಂದಾಗ. ದಪ್ಪನೆಯ, ಹಗುರ ಫೋಮ್‌. ಅದರ ಮಧ್ಯೆ ಬಾಗಿದ ಕಾರ್ಬನ್ ಫೈಬರ್ ಪ್ಲೇಟ್. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 18 ಮಂದಿ ಪಳಗಿದ ಓಟಗಾರರನ್ನು ಪರೀಕ್ಷಿಸಿದಾಗ, ಅದೇ ವೇಗದಲ್ಲಿ ಓಡಲು ಸರಾಸರಿ ಶೇ 4ರಷ್ಟು ಕಡಿಮೆ ಶಕ್ತಿ ಸಾಕಾಗಿತ್ತು. 2019ರಲ್ಲಿ ಎಲಿಯುಡ್ ಕಿಪ್ಚೊಗೆ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ್ದೂ ಇದೇ ಬಗೆಯ ಶೂ ತೊಟ್ಟು. ಮರುವರ್ಷವೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಿತಿ ಹಾಕಿತು: ರಸ್ತೆ ಓಟದ ಶೂ ಅಡಿ 40 ಮಿಲಿಮೀಟರಿಗಿಂತ ದಪ್ಪ ಇರಬಾರದು, ಒಂದಕ್ಕಿಂತ ಹೆಚ್ಚು ಪ್ಲೇಟ್ ಕೂಡದು.

ಹಾಗಾದರೆ ಲಾಭ ಪ್ಲೇಟಿನದೇ? ಇಲ್ಲೇ ಕಥೆ ತಿರುಗುವುದು. ನಂತರದ ಪ್ರಯೋಗವೊಂದರಲ್ಲಿ ಅದೇ ಶೂವಿನ ಪ್ಲೇಟನ್ನು ಗರಗಸದಿಂದ ಅಲ್ಲಲ್ಲಿ ಕತ್ತರಿಸಿ ಓಡಿಸಿ ನೋಡಲಾಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಶೂವಿನ ಮಟ್ಟಿಗೆ ಹೆಚ್ಚಿನ ಕೆಲಸ ಮಾಡುತ್ತಿದ್ದುದು ತುಳಿದ ಶಕ್ತಿಯನ್ನು ಬಹುಪಾಲು ಹಿಂತಿರುಗಿಸುವ ಫೋಮ್. ಜಾಹೀರಾತಿನಲ್ಲಿ ಮಿಂಚುವುದು ಮಾತ್ರ ಪ್ಲೇಟ್. ಅಗ್ಗದ ಫೋಮ್‌ ನಡುವೆ ಗಟ್ಟಿ ಪ್ಲೇಟ್ ತುರುಕಿ ‘ಕಾರ್ಬನ್’ ಎಂದು ಮಾರುವ ಶೂಗಳಿಂದ ಎಚ್ಚರವಾಗಿರಬೇಕಾದುದು ಇದಕ್ಕೇ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಆರೂವರೆ ನಿಮಿಷವೆಂದರೆ 390 ಸೆಕೆಂಡು. 400 ಮೀಟರಿನ ಪ್ರತಿ ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಶೇ 4ರ ಉಳಿತಾಯ ಪೂರ್ತಿಯಾಗಿ ಸಮಯಕ್ಕೆ ಬದಲಾದರೂ ಸಿಗುವುದು 16 ಸೆಕೆಂಡಿನೊಳಗೆ. ವಾಸ್ತವದಲ್ಲಿ ಅಷ್ಟು ಸಿಗುವುದು ಕಷ್ಟ. ಗಂಟೆಗೆ 10–12 ಕಿಲೊಮೀಟರ್ ವೇಗದಲ್ಲಿ ನಡೆಸಿದ ಪರೀಕ್ಷೆಯಲ್ಲಿ ಲಾಭ ಶೇ 1ರ ಆಸುಪಾಸಿಗೆ ಇಳಿದಿತ್ತು. ಎಲ್ಲರಿಗೂ ಒಂದೇ ಫಲವೂ ಇಲ್ಲ: ವಿಶ್ವದರ್ಜೆಯ ಕೆನ್ಯಾ ಓಟಗಾರರಲ್ಲೇ ಕೆಲವರಿಗೆ ಲಾಭವಾದರೆ ಕೆಲವರಿಗೆ ನಷ್ಟವಾಗಿದೆ. ಇಂಥ ಶೂ ಬಳಸಿದ ಐವರು ಕ್ರೀಡಾಪಟುಗಳ ಪಾದದ ಮೂಳೆಗೆ ಒತ್ತಡದ ಗಾಯವಾದುದನ್ನು ವೈದ್ಯರು ವರದಿ ಮಾಡಿದ್ದಾರೆ. 7 ನಿಮಿಷ 10 ಸೆಕೆಂಡಿನಲ್ಲಿ ಓಡುವವನಿಗೆ ಬೇಕಾದ 40 ಸೆಕೆಂಡನ್ನು ಯಾವ ಅಂಗಡಿಯೂ ಮಾರುವುದಿಲ್ಲ. 6 ನಿಮಿಷ 35 ಸೆಕೆಂಡಿನಲ್ಲಿ ನಿಂತವನಿಗೆ ಶೂ ನೆರವಾದೀತು. ಆದರೆ ಒಂದೆರಡು ತಿಂಗಳ ಸರಿಯಾದ ಅಭ್ಯಾಸವೂ ಆ 5 ಸೆಕೆಂಡನ್ನು ಕೊಟ್ಟೀತು.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಮಲೆನಾಡಿನಲ್ಲಿ ಅಂಗಳ ನಿಜಕ್ಕೂ ಡೊಂಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ಜಂಬಿಟ್ಟಿಗೆ ನೆಲದ ಮೇಲೆ ಪಾಚಿ, ರಸ್ತೆಯಲ್ಲಿ ಏರು–ಇಳಿವು, ತಿರುವಿನಲ್ಲಿ ಬಸ್ಸು. ಎತ್ತರದ ಮೆತ್ತನೆಯ ಅಡಿಯ ಶೂ ಇರುವುದು ಸಪಾಟು ರಸ್ತೆಗೆ. ನಮ್ಮ ಜಾರು ನೆಲದಲ್ಲಿ ಅದು ಕಣಕಾಲು ಉಳುಕಿಸುವ ಸಾಧ್ಯತೆಯೇ ಹೆಚ್ಚು. ಇಲ್ಲಿ ಮೊದಲು ಬೇಕಿರುವುದು ಕಾಲಿಗೆ ಸರಿಹೊಂದುವ, ಹಿಡಿತವಿರುವ ಸಾಧಾರಣ ಶೂ.

ಅದಕ್ಕಿಂತ ಮುಖ್ಯವಾಗಿ ಬೇಕಿರುವುದು ನೆಲ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಮಳೆಗಾಲದಲ್ಲೂ ನೀರು ನಿಲ್ಲದ, ಅಳತೆ ಮಾಡಿ ಗೆರೆ ಎಳೆದ 400 ಮೀಟರ್ ಪಥ ಇರಬೇಕು. ವಾರಕ್ಕೆರಡು ದಿನವಾದರೂ ಸ್ಟಾಪ್‌ವಾಚ್ ಹಿಡಿದು ಓಡಿಸುವ ತರಬೇತುದಾರ ಬೇಕು. ಸಾಗರದ ಎಲ್.ಬಿ. ಕಾಲೇಜು, ತೀರ್ಥಹಳ್ಳಿಯ ತುಂಗಾ ಕಾಲೇಜಿನಂಥ ಸಂಸ್ಥೆಗಳ ದೈಹಿಕ ಶಿಕ್ಷಣ ವಿಭಾಗ, ಯುವಜನ ಸೇವಾ ಇಲಾಖೆ, ಸ್ಥಳೀಯ ಸಂಸ್ಥೆಗಳು ಕೈಜೋಡಿಸಿದರೆ ಇದು ಅಸಾಧ್ಯವೇನಲ್ಲ. ಶೂ ಒಬ್ಬನ ಕಾಲಿಗೆ ಆಗುತ್ತದೆ, ಒಂದೆರಡು ಮಳೆಗಾಲಕ್ಕೆ ಸವೆಯುತ್ತದೆ. ಪಥವಾದರೆ ಊರಿನ ಎಲ್ಲ ಮಕ್ಕಳಿಗೂ ಆಗುತ್ತದೆ.

1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಶೂ ತೊಟ್ಟು ಮತ್ತೆ ಗೆದ್ದರು. ಕೈಯಲ್ಲಿ 20 ಸಾವಿರ ಇದ್ದರೆ ಎರಡು ಸಾವಿರಕ್ಕೆ ಒಳ್ಳೆಯ ಶೂ ಕೊಳ್ಳಿ, ಉಳಿದದ್ದನ್ನು ಹಾಲು, ಮೊಟ್ಟೆ, ಅರ್ಜಿ ಶುಲ್ಕ, ಶಿವಮೊಗ್ಗದ ಬಸ್ ಚಾರ್ಜಿಗೆ ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಗಡಿಯಾರ ನೋಡಿಕೊಂಡು ಒಂದು ಸುತ್ತು ಓಡಿ. ತೊಂಬತ್ತೇಳೂವರೆ ಸೆಕೆಂಡಿಗೆ ಎಷ್ಟು ಕಡಿಮೆ ಬಿತ್ತು ಎಂಬುದು ಗೊತ್ತಾದರೆ ತಯಾರಿ ಶುರುವಾದಂತೆ.